ಚೇಂಬರಿನೊಳಗಿನ ಗೆರೆ

ಒಂಟಿಗುಂಡಿನ ಮೇಸ್ತ್ರಿ ಸತ್ತು ಹನ್ನೊಂದು ತಿಂಗಳಾದ ಮೇಲೆ ಒಂದು ಬೆಳಗ್ಗೆ ಅವರ ಮಗ, ಅಪ್ಪನ ರೈಫಲ್ಲನ್ನು ಹಸುಗೂಸಿನ ಹಾಗೆ ಟವೆಲಿನಲ್ಲಿ ಸುತ್ತಿಕೊಂಡು ಅಂಗಡಿಯ ಹಿಂಕೋಣೆಗೆ ಬಂದ. ಲೇತ್ ಯಂತ್ರದ ಮುಂದೆ ಅಕ್ಕ ಕೂತಿದ್ದಳು. ಇವನಿಗಿಂತ ಏಳು ವರ್ಷ ದೊಡ್ಡವಳು, ಐವತ್ತು ಮುಟ್ಟಿದವಳು. ಅಕ್ಕ ಎನ್ನಬೇಕಾದವನು ಇವನೊಬ್ಬನೇ ಆದರೂ ಗಿರಾಕಿಗಳೆಲ್ಲ ಅದನ್ನೇ ಹಿಡಿದುಕೊಂಡು, ತಲೆ ನರೆತವರು ಕೂಡ ಅಕ್ಕ ಅಕ್ಕ ಎಂದೇ ಕರೆಯುತ್ತಿದ್ದರು. ಅಂಗಡಿಯ ಮುಂಕೋಣೆ ತಮ್ಮನದು: ಗಾಜಿನ ಬೀರು, ತಿರುಗುವ ಕುರ್ಚಿ, ಫೋನು, ಮಾತು. ಹಿಂಕೋಣೆ ಅವಳದು: ಒಂದು ಕಿಟಕಿ, ಒಂದು ಲೇತು, ಅರಗಳ ಸಾಲು, ಎಷ್ಟು ಗುಡಿಸಿದರೂ ಮುಗಿಯದ ಉಕ್ಕಿನ ಪುಡಿ. ನಡುವೆ ಇದ್ದದ್ದು ಒಂದೇ ಗೋಡೆ, ಬೋರ್ಡು ಮಾತ್ರ ಆ ಕಡೆಗಿತ್ತು.

ಮೇಸ್ತ್ರಿಗೆ ಆ ಹೆಸರು ಸುಮ್ಮನೆ ಬಂದದ್ದಲ್ಲ. ಒಂದು ಸಲಕ್ಕೆ ಒಂದೇ ತೋಟಾ ಹಿಡಿಸುವ ಹಳೆಯ ರೈಫಲ್ಲುಗಳನ್ನು ಬಿಟ್ಟು ಬೇರೆ ಬಂದೂಕನ್ನು ಅವರು ರಿಪೇರಿಗೆ ಮುಟ್ಟುತ್ತಿರಲಿಲ್ಲ. ಕೆಳಗಿನ ಲೀವರ್ ಒತ್ತಿದರೆ ಹಿಂದಿನ ಉಕ್ಕಿನ ಬಾಗಿಲು ಜಾರಿ ಬಾಯಿ ತೆರೆಯುತ್ತದೆ. ತೋಟಾ ಇಡಬೇಕು, ಮುಚ್ಚಬೇಕು, ಹೊಡೆಯಬೇಕು, ತಪ್ಪಿದರೆ ಮತ್ತೆ ಮೊದಲಿನಿಂದ. "ಎರಡನೇದು ಇದೆ ಅಂತ ಗೊತ್ತಿರೋನು ಮೊದಲನೇದನ್ನ ನೆಟ್ಟಗೆ ಹೊಡೆಯಲ್ಲ" ಎನ್ನುವುದು ಅವರ ವೇದಾಂತ. ಗಿರಾಕಿಗಳು ತಲೆದೂಗುತ್ತಿದ್ದರು. ಮನೆಯವರಿಗೆ ಅದನ್ನು ಕೇಳಿ ಕೇಳಿ ಕಿವಿ ತೂತಾಗಿತ್ತು.

"ಅಕ್ಕಾ, ಬರೋ ತಿಂಗಳು ಅಪ್ಪನ ನೆನಪಿಗೆ ಕ್ಲಬ್ಬಿನೋರು ಪಂದ್ಯ ಇಟ್ಟಿದಾರೆ" ಎಂದ ತಮ್ಮ. "ಮೊದಲ ಗುಂಡು ಅಪ್ಪನ ರೈಫಲ್ಲಿಂದಾನೇ ಹಾರಬೇಕಂತೆ. ನಾನೇ ಹೊಡೀಬೇಕಂತೆ."

"ತೋಟಾ?"

"ಅದೇ ತಾನೇ ಬಂದಿರೋ ಕಷ್ಟ. ಈ ಅಳತೇದನ್ನ ಈಗ ಯಾರೂ ಮಾಡಲ್ಲ. ಇದ್ದಬದ್ದದ್ದನ್ನ ಅಪ್ಪ ಹೊಡೆದು ಮುಗಿಸಿಬಿಟ್ರು. ಈಗ ಎಲ್ಲಾ ಕಡೆ ಸಿಗುತ್ತಲ್ಲ ದಪ್ಪಂದು, ಅದಕ್ಕೆ ಚೇಂಬರ್ ಕೊರೆದುಕೊಟ್ಟುಬಿಡು."

ಚೇಂಬರ್ ಅಂದರೆ ನಳಿಗೆಯ ಹಿಂತುದಿಯಲ್ಲಿ ತೋಟಾ ಕೂರುವ ಗೂಡು. ರೀಮರ್ ಎಂಬ ಉದ್ದ ಹಲ್ಲುಗಳ ಉಪಕರಣವನ್ನು ತಿರುಗಿಸುತ್ತ, ಕೂದಲೆಳೆಯಷ್ಟಷ್ಟೇ ಒಳಗೆ ನಡೆಸುತ್ತ ಅದನ್ನು ಕೊರೆಯುತ್ತಾರೆ. ಹಳೆಯ ತೋಟಾಕ್ಕೂ ಹೊಸದಕ್ಕೂ ಗುಂಡಿನ ಅಳತೆ ಒಂದೇ. ಗುಂಡನ್ನು ಹಿಡಿದಿರುವ ಹಿತ್ತಾಳೆಯ ಕೊಳವೆ ಮಾತ್ರ ದಪ್ಪ. ಆ ರೈಫಲ್ಲಿನ ಮೈ ಗಟ್ಟಿ, ಹೊಸ ತೋಟಾದ ರಭಸವನ್ನು ತಡೆಯುತ್ತದೆ. ಗೂಡನ್ನು ಹಿಗ್ಗಿಸಿದರೆ ಕೆಲಸ ಆಯಿತು. ಆದರೆ ಒಮ್ಮೆ ಹಿಗ್ಗಿಸಿದ್ದನ್ನು ಬ್ರಹ್ಮ ಬಂದರೂ ಕುಗ್ಗಿಸಲಾರ.

ಅಕ್ಕ ಕೈ ಒರೆಸಿಕೊಂಡು ರೈಫಲ್ಲನ್ನು ತೆಗೆದುಕೊಂಡಳು. ಅಷ್ಟು ವರ್ಷ ಒಂದೇ ಸೂರಿನ ಕೆಳಗಿದ್ದರೂ ಅದನ್ನು ಅವಳು ಒಂದು ದಿನವೂ ಬಿಚ್ಚಿರಲಿಲ್ಲ. ಅಪ್ಪ ತಾವೇ ಒರೆಸಿ, ತಾವೇ ಎಣ್ಣೆ ಕಾಣಿಸಿ, ತಾವೇ ಬೀಗ ಹಾಕುತ್ತಿದ್ದರು. ಹನ್ನೆರಡು ಪಂದ್ಯ ಗೆದ್ದ ನಳಿಗೆ. "ಈ ಚೇಂಬರ್ ನನ್ನ ಕೈಯದು. ಇಂಥದ್ದು ಇನ್ನೊಂದು ಕೊರಿ ಅಂದ್ರೆ ನನಗೂ ಆಗಲ್ಲ" ಎಂದು ಬಂದವರ ಮುಂದೆಲ್ಲ ಹೇಳಿಕೊಳ್ಳುತ್ತಿದ್ದರು.

ಚೇಂಬರ್ ಎಂಬ ಮಾತು ಕಿವಿಗೆ ಬಿದ್ದರೆ ಅಕ್ಕನ ಬೆರಳು ತಣ್ಣಗಾಗುತ್ತಿತ್ತು. ಅದಕ್ಕೆ ಕಾರಣವಿತ್ತು. ಹತ್ತೊಂಬತ್ತನೆಯ ವಯಸ್ಸಿನಲ್ಲಿ ಅವಳು ಮೊದಲ ಬಾರಿ ಒಬ್ಬಳೇ ಒಂದು ಚೇಂಬರ್ ಕೊರೆದಿದ್ದಳು. ಮೂರು ದಿನದ ಕೆಲಸ. ನಾಲ್ಕು ಸುತ್ತಿಗೊಮ್ಮೆ ರೀಮರನ್ನು ಹೊರಗೆಳೆದು, ಹಲ್ಲಿಗೆ ಅಂಟಿದ ಉಕ್ಕಿನ ಚೂರುಗಳನ್ನು ಒರೆಸಿ, ಎಣ್ಣೆ ಹಚ್ಚಿ ಮತ್ತೆ ನಡೆಸಬೇಕು. ಮೂರನೆಯ ದಿನ, ಇನ್ನೇನು ಮುಗಿಯಿತು ಎನ್ನುವ ಖುಷಿಯಲ್ಲಿ, ಒಮ್ಮೆ ಒರೆಸುವುದನ್ನು ಮರೆತಳು. ಒಂದು ಚೂರು ಹಲ್ಲಿಗೆ ಕಚ್ಚಿಕೊಂಡು ಗೂಡಿನ ಗೋಡೆಗೆ ಗೆರೆ ಎಳೆಯಿತು. ಕೈಗೆ ಗರಗರ ತಾಗಿದ್ದೇ ತಡ, ಗಾಬರಿಯಲ್ಲಿ ತಿರುಗಿಸುತ್ತಲೇ ರೀಮರನ್ನು ಹಿಂದಕ್ಕೆಳೆದುಬಿಟ್ಟಳು. ಅಪ್ಪ ಕರಗಿಸಿದ ಗಂಧಕ ಹೊಯ್ದು ಗೂಡಿನ ಅಚ್ಚು ತೆಗೆದರು, ಅವಳ ಮುಂದಿಟ್ಟರು. ಬುಡದಿಂದ ಒಂದು ಬೆರಳಗಲ ಮೇಲೆ, ಹಳದಿ ಅಚ್ಚಿನ ಸುತ್ತ ಒಂದು ಉಬ್ಬು ಗೆರೆ. ಅದರ ಕೊನೆ ಮೀನಿನ ಗಾಳದ ಹಾಗೆ ಹಿಂದಕ್ಕೆ ಬಾಗಿತ್ತು.

"ನೋಡ್ಕೊ ನಿನ್ನ ಕೈಗುಣ. ಒಳ್ಳೇ ನಳಿಗೆ ಗುಜರಿ ಪಾಲಾಯ್ತು" ಎಂದರು ಅಪ್ಪ.

ಬೈದಿದ್ದರೆ ಅತ್ತು ಮರೆಯುತ್ತಿದ್ದಳೇನೋ. ಅವರು ಬೈಯಲಿಲ್ಲ, ರೀಮರುಗಳ ಡ್ರಾಯರಿಗೆ ಬೀಗ ಹಾಕಿದರು. ಆ ವರ್ಷವೇ ದೊಡ್ಡ ಕಾರ್ಖಾನೆಯೊಂದರಿಂದ ಅವಳಿಗೆ ಕೆಲಸಕ್ಕೆ ಕರೆ ಬಂದಿತ್ತು. ನನ್ನ ಕೈ ಅಷ್ಟು ಪಳಗಿಲ್ಲ ಎಂದು ತಾನೇ ಬರೆದು ತಿಳಿಸಿದಳು. ಆಮೇಲೆ ಹತ್ತೊಂಬತ್ತು ವರ್ಷ ಸ್ಪ್ರಿಂಗು ಬದಲಾಯಿಸಿದಳು, ಬಿರುಕು ಬಿಟ್ಟ ಮರದ ಹಿಡಿಯನ್ನು ಅಂಟು ಹಾಕಿ ಕೂಡಿಸಿದಳು, ನಳಿಗೆಗಳಿಗೆ ನೀಲಿ ಬಣ್ಣ ಹಿಡಿಸಿದಳು. ಅಪ್ಪನ ಕಣ್ಣಿಗೆ ಪೊರೆ ಬಂದ ಮೇಲೆ ಒಂದು ದಿನ ಬೀಗದ ಕೈ ಮೇಜಿನ ಮೇಲೆ ಇಟ್ಟು, "ಇನ್ಮೇಲೆ ನೀನೇ ನೋಡ್ಕೊ" ಎಂದರು. ಅಲ್ಲಿಂದಾಚೆಗೆ ಪ್ರತಿ ಚೇಂಬರನ್ನೂ ನಾಲ್ಕು ನಾಲ್ಕು ಸಲ ಅಳೆದು, ರಾತ್ರಿಯೆಲ್ಲ ಹೊರಳಾಡಿ ಕೊರೆದಳು. ಅಕ್ಕ ಅಳೆದು ಮುಗಿಸೋದರೊಳಗೆ ಜಿಂಕೆ ಮುದಿಯಾಗಿ ತಾನೇ ಸಾಯುತ್ತೆ ಎಂದು ಗಿರಾಕಿಗಳು ತಮಾಷೆ ಮಾಡುತ್ತಿದ್ದರು. ಅವಳು ಕೊರೆದದ್ದು ಒಂದೂ ಕೆಡಲಿಲ್ಲ. ಹೆದರಿಕೆಯೂ ಒಂದು ದಿನಕ್ಕೂ ಕಡಿಮೆಯಾಗಲಿಲ್ಲ.

ಹಳೆಯ ಚೇಂಬರನ್ನು ಕೊರೆಯುವ ಮುಂಚೆ ಅದರ ಅಚ್ಚು ತೆಗೆದು ನೋಡುವುದು ಆ ಅಂಗಡಿಯ ಪದ್ಧತಿ. ಮಧ್ಯಾಹ್ನ ಅವಳು ನಳಿಗೆಯನ್ನು ಬಿಚ್ಚಿ ನೆಟ್ಟಗೆ ನಿಲ್ಲಿಸಿದಳು, ಒಳಗೆ ಬಟ್ಟೆಯ ಬಿರಡೆ ಇಟ್ಟಳು, ಗಂಧಕ ಕರಗಿಸಿ ಹೊಯ್ದಳು. ಆರಿದ ಮೇಲೆ ಮುಂದಿನಿಂದ ಕೋಲು ತೂರಿಸಿ ಮೆಲ್ಲಗೆ ತಟ್ಟಿದಾಗ ಅಚ್ಚು ಜಾರಿ ಅಂಗೈಗೆ ಬಿತ್ತು. ಕಿಟಕಿಯ ಹತ್ತಿರ ಹಿಡಿದು ತಿರುಗಿಸಿದಳು.

ಬುಡದಿಂದ ಒಂದು ಬೆರಳಗಲ ಮೇಲೆ ಉಬ್ಬು ಗೆರೆ. ಕೊನೆಯಲ್ಲಿ ಗಾಳದ ಬಾಗು.

ಅವಳು ಸ್ಟೂಲಿನ ಮೇಲೆ ಕೂತಳು. ಮೊದಲು ಬಂದದ್ದು ಸಿಟ್ಟಲ್ಲ, ಸಂತೋಷ. ಹನ್ನೆರಡು ಪಂದ್ಯ ಗೆದ್ದದ್ದು ನನ್ನ ಕೈ ಎಂಬ ಸಂತೋಷ. ಅದು ಒಂದು ನಿಮಿಷ ಇತ್ತು. ಅದರ ಬೆನ್ನಿಗೇ ಒಂದೊಂದಾಗಿ ನೆನಪಾಗತೊಡಗಿತು. ಗೂಡಿನ ಗೋಡೆಯ ಗೆರೆಯಿಂದ ಗುರಿಗೆ ಏನೂ ಆಗುವುದಿಲ್ಲ, ಹೊಡೆದ ಹಿತ್ತಾಳೆಯ ಮೇಲೆ ಒಂದು ಗುರುತು ಬೀಳುತ್ತದೆ ಅಷ್ಟೇ ಎಂಬುದು ಈಗ ಅವಳಿಗೇ ಗೊತ್ತು. ಆಗ ಅಪ್ಪನಿಗೆ ಗೊತ್ತಿರಲಿಲ್ಲವೇ? ಪಂದ್ಯ ಮುಗಿದ ಮೇಲೆ ಅಪ್ಪ ಖಾಲಿ ತೋಟಾಗಳನ್ನು ಒಂದೂ ಬಿಡದೆ ಆರಿಸಿ ಜೇಬಿಗೆ ಹಾಕಿಕೊಂಡು, ಮನೆಗೆ ತಂದು ಸುತ್ತಿಗೆಯಿಂದ ಚಪ್ಪಟೆ ಮಾಡುತ್ತಿದ್ದರು. ಕೇಳಿದರೆ, "ನನ್ನ ಅಳತೆ ಯಾವನಾದ್ರೂ ಕದೀತಾನೆ" ಎನ್ನುತ್ತಿದ್ದರು. ಕದ್ದವರೇ ಕಾವಲು ಕೂತಿದ್ದರು. ಅವಳು ಮಾತ್ರ ಮೂವತ್ತೊಂದು ವರ್ಷ ತನ್ನ ಕೈಯನ್ನು ತಾನೇ ಅನುಮಾನಿಸಿ ಬದುಕಿದ್ದಳು. 

ತಮ್ಮನನ್ನು ಕರೆದು ಎಲ್ಲ ಹೇಳಿದಳು. ಅವನು ಅಚ್ಚನ್ನು ತಿರುಗಿಸಿ ನೋಡಿದ, ಬಾಗಿಲ ಕಡೆ ನೋಡಿದ, ಮತ್ತೆ ಅಚ್ಚು ನೋಡಿದ.

"ಹಳೇ ಕಥೆ ಅಕ್ಕಾ. ಸತ್ತೋರ ಜೊತೆ ಈಗೇನು ಜಗಳ?"

"ಜಗಳ ಬೇಡ. ನಾನು ಈ ಗೆರೆಯ ಚಿತ್ರ ಬರೆದು ಕ್ಲಬ್ಬಿನ ಅಧ್ಯಕ್ಷರ ಕೈಗೆ ಕೊಡ್ತೀನಿ. ಬೇರೆ ಯಾವ ಮೇಸ್ತ್ರಿ ಬೇಕಾದ್ರೂ ನಳಿಗೆ ಬಿಚ್ಚಿ ಅಚ್ಚು ತೆಗೆದು ಹೋಲಿಸಲಿ. ಮೂವತ್ತು ವರ್ಷ ಕೈ ಪಳಗಿದೋರು ರೀಮರನ್ನ ಹೀಗೆ ಗಾಬರಿಯಲ್ಲಿ ಹಿಂದಕ್ಕೆಳೀತಾರಾ, ಇಲ್ಲಾ ಇದು ಹೊಸಬರ ಕೈಯಾ ಅಂತ ಅವರೇ ಹೇಳಲಿ."

ತಮ್ಮನ ಮುಖ ಸುಣ್ಣವಾಯಿತು. "ನಿಂಗೇನು ತಲೆ ಕೆಟ್ಟಿದೆಯಾ? ಮೂರು ಲೋಕಕ್ಕೆ ಡಂಗುರ ಹೊಡೆಸಿ ಅಪ್ಪನ ಮರ್ಯಾದೆ ತೆಗೀತೀಯಾ? ಆಮೇಲೆ ಈ ಗೆರೆ ಕೊರೆಯದೇ ಉಳಿಸಿದ್ರೆ ಪಂದ್ಯದ ದಿನ ನಾನೇನು ಬಾಯಲ್ಲಿ ಢಂ ಅನ್ಲಾ?" ಆಮೇಲೆ ದನಿ ಇಳಿಸಿದ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುವ ಪೈಕಿ ಅವನು. "ಅಮ್ಮನ್ನ ಕೇಳು. ಅಮ್ಮ ಹೌದು ಅಂದ್ರೆ ಹೌದು. ಪಂದ್ಯದ ದಿನ ಮೈಕಿನಲ್ಲಿ ನಾನೇ ಹೇಳ್ತೀನಿ, ಇದು ನಮ್ಮಕ್ಕನ ಕೈ ಅಂತ. ಸಾಕಾ?"

ಅಮ್ಮ ಮನೆಯಲ್ಲಿ ಮಂಚದ ಮೇಲೆ ಕೂತು ಒಗೆದ ಬಟ್ಟೆ ಮಡಿಸುತ್ತಿದ್ದಳು. ಎಪ್ಪತ್ತೆಂಟು ವಯಸ್ಸು, ಮೊಣಕಾಲು ಕೈಕೊಟ್ಟಿತ್ತು, ನೆನಪು ಕೈಕೊಟ್ಟಿರಲಿಲ್ಲ. ಮಗಳು ಅಚ್ಚನ್ನು ಅವಳ ಮಡಿಲಲ್ಲಿಟ್ಟು, "ಇದು ನಿಂಗೆ ಗೊತ್ತಿತ್ತಾ?" ಎಂದಳು. ಅಮ್ಮ ಅದನ್ನು ಮುಟ್ಟಲಿಲ್ಲ. ಒಂದು ಅಂಗಿಯ ತೋಳನ್ನು ನೇರ ಮಾಡಿದಳು.

"ಗುಜರಿಗೆ ಹಾಕೋ ಮುಂಚೆ ಆ ನಳಿಗೇನ ಒಂದ್ಸಲ ಹೊಡೆದು ನೋಡ್ತೀನಿ ಅಂತ ತಗೊಂಡ್ಹೋದ್ರು. ಸಂಜೆ ಬಂದು ಗುರಿಕಾಗದ ತೋರಿಸಿದ್ರು. ಐದು ಗುಂಡು, ಒಂದೇ ತೂತು. ಎರಡು ದಿನ ಊಟ ಮಾಡ್ಲಿಲ್ಲ ಕಣೆ."

"ಖುಷಿಗಾ?"

"ಖುಷಿಗೆ ಯಾರಾದ್ರೂ ಊಟ ಬಿಡ್ತಾರಾ?" ಅಮ್ಮ ಅಂಗಿಯನ್ನು ಮಡಿಸಿ ಪಕ್ಕಕ್ಕಿಟ್ಟಳು. "ಮೂವತ್ತು ವರ್ಷ ಕೈ ಸವೆಸಿದೋರು. ತಮ್ಮಿಂದ ಆಗದ್ದು ಮೊದಲನೇ ಸಲಕ್ಕೇ ಮಗಳ ಕೈಲಿ ಆಯ್ತು ಅಂದ್ರೆ! ಮೂರನೇ ದಿನ ಅದನ್ನ ತಮ್ಮ ರೈಫಲ್ಲಿಗೆ ಕೂರಿಸ್ಕೊಂಡ್ರು. ಪಂದ್ಯ ಗೆದ್ರು. ಯಾರ ಕೆಲಸ ಅಂತ ಯಾರೋ ಕೇಳಿದ್ರು, ನಂದೇ ಅಂದುಬಿಟ್ರು. ಒಂದ್ಸಲ ಅಂದ ಮೇಲೆ ಬಿಸಿ ತುಪ್ಪ ಆಯ್ತು ಅದು, ನುಂಗೋ ಹಾಗೂ ಇಲ್ಲ, ಉಗುಳೋ ಹಾಗೂ ಇಲ್ಲ."

"ಅವರು ಹೋಗ್ಲಿ. ನೀನು? ನೀನು ನನಗೆ ಒಂದು ಮಾತು ಹೇಳಬಹುದಿತ್ತಲ್ಲಮ್ಮ. ನಾನು ಬಾತ್‌ರೂಮಿನಲ್ಲಿ ನಲ್ಲಿ ಬಿಟ್ಕೊಂಡು ಅಳ್ತಿದ್ದಾಗ ಹೊರಗೆ ನಿಂತಿರ್ತಿದ್ದೋಳು ನೀನೇ."

"ಹೇಳಿದ್ರೆ ಅವರು ಕುಗ್ಗಿಹೋಗೋರು. ನಿನ್ನ ತಮ್ಮನೋ, ಅರ ಹಿಡಿಯೋಕೂ ಬಾರದೋನು. ನಿನಗೆ ಕೈ ಇತ್ತು. ಕೈ ಇರೋರು ಹೇಗಾದ್ರೂ ಬದುಕ್ಕೊಳ್ತಾರೆ. ಇಲ್ಲದೋರಿಗೆ ಅಪ್ಪನ ಹೆಸರಾದ್ರೂ ಇರಬೇಕಲ್ವಾ? ಹೊಟ್ಟೆಗೆ ಹಾಕ್ಕೊ ಮಗಳೇ."

ಹೊಟ್ಟೆಗೆ ಹಾಕಿಕೊಳ್ಳುವುದಕ್ಕೂ ಒಂದು ಅಳತೆ ಬೇಡವೇ! ಅಕ್ಕನಿಗೆ ಆ ಬಟ್ಟೆಯ ರಾಶಿಯನ್ನೆಲ್ಲ ನೆಲಕ್ಕೆ ಎಳೆದು ಚೆಲ್ಲಬೇಕು ಅನ್ನಿಸಿತು. ಚೆಲ್ಲಲಿಲ್ಲ. ತಾನು ಕೇಳಬೇಕಾದ್ದನ್ನು ಮಾತ್ರ ಕೇಳಿದಳು. ಹೊಸ ತೋಟಾಕ್ಕೆ ಕೊರೆದರೆ ಆ ಗೆರೆ ಇರುವ ಉಕ್ಕೇ ಪುಡಿಯಾಗಿ ಹೋಗುತ್ತದೆ. ಗಂಧಕದ ಅಚ್ಚು ನಾಲ್ಕು ದಿನ ಬಾಳುವುದಿಲ್ಲ, ತಾನಾಗಿ ಬಿರುಕು ಬಿಟ್ಟು ಉದುರುತ್ತದೆ. ಆಮೇಲೆ ಉಳಿಯುವ ಸಾಕ್ಷಿ ಅಮ್ಮನ ಬಾಯಿ ಒಂದೇ.

"ಕೊರೆದುಬಿಡಲಾ ಅಮ್ಮ? ಯಾರಾದ್ರೂ ಕೇಳಿದ್ರೆ ನೀನು ಇದ್ದದ್ದು ಇದ್ದ ಹಾಗೆ ಹೇಳ್ತೀಯಾ?"

"ಇವತ್ತೋ ನಾಳೆಯೋ ಅನ್ನೋ ಜೀವ. ಈ ವಯಸ್ಸಲ್ಲಿ ಸುಳ್ಳು ಹೇಳಿ ಎಲ್ಲಿ ಇಟ್ಕೊಳ್ಲಿ? ಕೇಳಿದ್ರೆ ಹೇಳ್ತೀನಿ. ಅವನ ಕೆಲಸ ಮಾಡ್ಕೊಡು, ಜನ ಬರ್ತಾರೆ."

ಮಾರನೆಯ ಬೆಳಗ್ಗೆ ಅಕ್ಕ ನಳಿಗೆಯನ್ನು ಲೇತಿಗೆ ಕಟ್ಟಿದಳು. ಒಮ್ಮೆ ಅಳೆದಳು, ಒಂದೇ ಸಲ. ಗೇಜನ್ನು ಕೆಳಗಿಟ್ಟು ರೀಮರ್ ಹಿಡಿದಾಗ ಬೆರಳು ಬೆಚ್ಚಗೇ ಇದ್ದದ್ದು ಗೊತ್ತಾಗಿ ಅವಳಿಗೇ ವಿಚಿತ್ರವೆನ್ನಿಸಿತು. ನಾಲ್ಕು ಸುತ್ತು, ಹೊರಗೆ, ಒರೆಸು, ಎಣ್ಣೆ. ನಾಲ್ಕು ಸುತ್ತು, ಹೊರಗೆ. ಉಕ್ಕು ಬೆಣ್ಣೆಯ ಹಾಗೆ ಬಿಟ್ಟುಕೊಡುತ್ತಿತ್ತು. ತನ್ನ ಕೈ ಇಷ್ಟು ಚೆನ್ನಾಗಿ ಕೆಲಸ ಮಾಡುತ್ತದೆ ಎಂದು ಮೊದಲ ಸಲ ಹೆದರಿಕೆಯಿಲ್ಲದೆ ನೋಡಿದಳು. ಹತ್ತು ಗಂಟೆಯ ಹೊತ್ತಿಗೆ ಒಂದು ಚೂರು ಬೇರೆ ಥರ ಬಂತು: ಸುರುಳಿಯ ನಡುವೆ ಕಡಿದುಹೋಗಿ, ಎರಡು ತುಂಡಾಗಿ. ಗೆರೆ ಇದ್ದ ಜಾಗ. ರೀಮರ್ ಅದನ್ನು ದಾಟಿ ಹೋಯಿತು. ಅವಳು ಒಂದು ಗಳಿಗೆ ನಿಂತಳು, ಒರೆಸಿದಳು, ಮುಂದುವರಿಸಿದಳು. ಮೂರು ದಿನದ ಕೆಲಸ ಒಂದೂವರೆ ದಿನದಲ್ಲಿ ಮುಗಿಯಿತು. ಒಳಗೆ ದೀಪ ಹಿಡಿದು ನೋಡಿದರೆ ಕನ್ನಡಿ. ನಳಿಗೆಯ ಮೇಲೆ ಹೊಸ ತೋಟಾದ ಅಳತೆಯನ್ನು ಅಕ್ಷರ ಅಕ್ಷರವಾಗಿ ಒತ್ತಿದಳು, ಯಾರೂ ಗೊತ್ತಿಲ್ಲದೆ ಬೇರೆಯದನ್ನು ತುರುಕಬಾರದಲ್ಲ. ಗಂಧಕದ ಅಚ್ಚು ಆ ವಾರವೇ ಕಿಟಕಿಯ ಅಂಚಿನಲ್ಲಿ ಪುಡಿಯಾಯಿತು.

ಪಂದ್ಯದ ದಿನ ಬಿಸಿಲಿತ್ತು. ಮೈದಾನದ ಒಂದು ಕಡೆ ತಗಡಿನ ಚಪ್ಪರ, ಪ್ಲಾಸ್ಟಿಕ್ ಕುರ್ಚಿಗಳು, ಒಂದು ಮೈಕು, ಮೇಜಿನ ಮೇಲೆ ಕಟ್ಟುಹಾಕಿಸಿದ ಅಪ್ಪನ ಫೋಟೋ. ನೂರೈವತ್ತು ಜನರಿದ್ದರು, ಅರ್ಧಕ್ಕರ್ಧ ಅಂಗಡಿಯ ಗಿರಾಕಿಗಳೇ. ಮೊದಲ ಸಾಲಿನಲ್ಲಿ ಅಮ್ಮ, ಪಕ್ಕದಲ್ಲಿ ಅಕ್ಕ. ತಮ್ಮ ಮರಳಿನ ಚೀಲದ ಮೇಲೆ ರೈಫಲ್ ಊರಿ ಮೂರು ಗುಂಡು ಹೊಡೆದ. ಅವನು ಅಂಥ ಗುರಿಕಾರನೇನಲ್ಲ. ಕಾಗದ ತಂದು ತೋರಿಸಿದರು: ಮೂರೂ ಒಂದನ್ನೊಂದು ಮುಟ್ಟಿಕೊಂಡಿದ್ದವು. ಚಪ್ಪರದಲ್ಲಿ ಹೋ ಎಂಬ ಸದ್ದೆದ್ದಿತು. 

ತಮ್ಮ ಮೈಕು ಹಿಡಿದ. ಮೊದಲ ಸಾಲನ್ನು ನೋಡಿದ. ಜನರನ್ನು ನೋಡಿದ. ಅಷ್ಟು ಜನ ಒಟ್ಟಿಗೆ ತನ್ನನ್ನೇ ಪ್ರೀತಿಯಿಂದ ನೋಡುತ್ತಿರುವುದು ಅವನಿಗೆ ಜನ್ಮದಲ್ಲೇ ಮೊದಲು.

"ನಾನೇನು ಮಾತಾಡ್ಲಿ? ಅಪ್ಪನ ಕೈ ಇನ್ನೂ ಮಾತಾಡ್ತಿದೆ" ಎಂದ. ಕಣ್ಣಲ್ಲಿ ನಿಜವಾದ ನೀರಿತ್ತು.

ಅಕ್ಕ ಎದ್ದು ನಿಂತಳು. ಎದ್ದದ್ದು ಅವಳಿಗೆ ಗೊತ್ತಾದದ್ದು ಕುರ್ಚಿ ಹಿಂದಕ್ಕೆ ಬಿದ್ದಾಗ. "ಅದು ಅಪ್ಪನ ಕೈ ಅಲ್ಲ" ಎಂದಳು. ದನಿ ಮೈಕಿಲ್ಲದೆಯೂ ಚಪ್ಪರದ ಕೊನೆಗೆ ಮುಟ್ಟಿತು. "ಆ ಚೇಂಬರ್ ಮೂವತ್ತೊಂದು ವರ್ಷದ ಹಿಂದೆ ಕೊರೆದೋಳು ನಾನು. ಮೊನ್ನೆ ಮತ್ತೆ ಕೊರೆದೋಳೂ ನಾನೇ. ಅಪ್ಪ ಅದನ್ನ ನನ್ನಿಂದ ಮುಚ್ಚಿಟ್ಟಿದ್ರು. ಸುಳ್ಳು ಅನ್ನೋರು ನಮ್ಮಮ್ಮನ್ನ ಕೇಳಿ."

 ತಮ್ಮ ಮೈಕನ್ನು ಎರಡು ಕೈಯಲ್ಲಿ ಹಿಡಿದುಕೊಂಡು ಬೂಟು ನೋಡುತ್ತಿದ್ದ. ಕ್ಲಬ್ಬಿನ ಅಧ್ಯಕ್ಷರು ಒಳ್ಳೆಯ ಮನುಷ್ಯ, ಅಪ್ಪನ ಹಳೆಯ ಸ್ನೇಹಿತ, ಇರಿಸುಮುರಿಸಾಗಿ ಮುಂದೆ ಬಂದು, ಅಮ್ಮನ ಮುಂದೆ ಬಗ್ಗಿ, "ಏನಮ್ಮಾ ಇದು? ಮಗಳು ಹೇಳ್ತಿರೋದು ಹೌದಾ?" ಎಂದು ಕೇಳಿದರು.

ಅಮ್ಮ ಮಗನನ್ನು ನೋಡಿದಳು. ಅವನು ಇನ್ನೂ ತಲೆ ಎತ್ತಿರಲಿಲ್ಲ. ಆಮೇಲೆ ಮಗಳ ಕಡೆ ತಿರುಗಿ ಅವಳ ಕೈ ಹಿಡಿದಳು, ಹಿಡಿದ ಕೈಯನ್ನು ಇನ್ನೊಂದು ಕೈಯಿಂದ ಸವರಿದಳು.

"ಚಿಕ್ಕೋಳಿದ್ದಾಗಿಂದ ಅಪ್ಪನ ಬಾಲ ಇವಳು" ಎಂದಳು ಅಧ್ಯಕ್ಷರಿಗೆ, ಪ್ರೀತಿ ತುಂಬಿದ ದನಿಯಲ್ಲಿ. "ಒಂದು ದಿನ ಅವರನ್ನ ಬಿಟ್ಟಿದ್ದೋಳಲ್ಲ. ಅವರು ಹೋದ ಮೇಲೆ ಸರಿಯಾಗಿ ಅತ್ತೂ ಇಲ್ಲ. ಅಪ್ಪ ಮಾಡಿದ್ದೆಲ್ಲ ತಾನೇ ಮಾಡಿದ್ದು ಅನ್ನಿಸುತ್ತೆ ಪಾಪ, ಅವಳಿಗೆ. ತಪ್ಪು ತಿಳ್ಕೋಬೇಡಿ."

ಚಪ್ಪರವೆಲ್ಲ ಒಮ್ಮೆಲೇ ಸಡಿಲಾಯಿತು. ಯಾರೋ ಅಯ್ಯೋ ಪಾಪ ಎಂದರು. ಬಿದ್ದ ಕುರ್ಚಿಯನ್ನು ಯಾರೋ ಎತ್ತಿ ಅಕ್ಕನ ಹಿಂದಿಟ್ಟರು. ಅಧ್ಯಕ್ಷರು ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡು ಮೈಕಿನ ಹತ್ತಿರ ಹೋದರು. ಹೆಣ್ಣುಮಕ್ಕಳಿದ್ದರೆ ಹೀಗಿರಬೇಕು, ಅಪ್ಪನನ್ನು ಇಷ್ಟು ಹಚ್ಚಿಕೊಂಡ ಮಗಳನ್ನು ನಾನು ಕಂಡಿಲ್ಲ ಎಂದರು.

ಅಕ್ಕ ಕೈ ಬಿಡಿಸಿಕೊಳ್ಳಲು ನೋಡಿದಳು. ಅಮ್ಮನ ಹಿಡಿತ ಗಟ್ಟಿಯಾಗಿತ್ತು. "ಕೂತ್ಕೊ ಮಗಳೇ" ಎಂದಳು ಅಮ್ಮ, ಅವಳಿಗೆ ಮಾತ್ರ ಕೇಳುವಷ್ಟು ಮೆಲ್ಲಗೆ, "ನಿಂಗೆ ಏನೂ ಆಗಲ್ಲ."

ಜನ ಎದ್ದು ನಿಂತು ಅವಳಿಗಾಗಿ ಚಪ್ಪಾಳೆ ತಟ್ಟಿದರು.